ಸೆಕೆಂಡಿಗೆ 11 ಎಂಬಿ: ಬೆಳಗಾದರೂ ಮುಗಿಯದ ಬ್ಯಾಕಪ್

(ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವರ ಸಭೆಯೊಂದರಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲೆ ಒಂದು ಗೆರೆ ಕಾಣುತ್ತಿದೆ, ನೋಡಿ. ಎಡಗಡೆ ತುದಿ ರಾತ್ರಿ 8 ಗಂಟೆ, ಬಲಗಡೆ ತುದಿ ಬೆಳಿಗ್ಗೆ 10. ನಡುವೆ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿದೆ. ಮೇಲೂ ಹೋಗಿಲ್ಲ, ಕೆಳಗೂ ಬಂದಿಲ್ಲ. ಇದು ಒಂದು ಆಫೀಸಿನ ಒಂದು ರಾತ್ರಿಯ ಬ್ಯಾಕಪ್, ಅಂದರೆ ಫೈಲುಗಳ ಇನ್ನೊಂದು ಪ್ರತಿ ತೆಗೆದಿಡುವ ಕೆಲಸ, ಓಡಿದ ವೇಗ. ಕಟ್ಟಡಗಳ ನಕ್ಷೆ ಮಾಡುವ ಜನ. ಹತ್ತು ಕಂಪ್ಯೂಟರ್, ಒಂದು ಸ್ಟೋರೇಜ್ ಪೆಟ್ಟಿಗೆ. ಎಲ್ಲರ ಕೆಲಸವೂ ಒಂದೇ ಕಂಪ್ಯೂಟರಿನ ಶೇರ್ ಫೋಲ್ಡರಿನಲ್ಲಿ ಇರುತ್ತದೆ. ಒಟ್ಟು 550 ಜಿಬಿ. ದಿನಾ ರಾತ್ರಿ ಅಷ್ಟೂ ಆ ಪೆಟ್ಟಿಗೆಗೆ ಕಾಪಿ ಆಗಬೇಕು. ಬೆಳಿಗ್ಗೆ ಜನ ಬಂದು ಕೂತರೂ ಕಾಪಿ ಇನ್ನೂ ನಡೆಯುತ್ತಲೇ ಇರುತ್ತಿತ್ತು. ಯಾರಾದರೂ ನಕ್ಷೆ ತೆರೆಯಲು ಹೋದರೆ ಚಕ್ರ ಸುಮ್ನೆ ತಿರುಗುತ್ತಾ ಕೂರುತ್ತಿತ್ತು.

ನನ್ನನ್ನು ಕರೆಯುವ ಮೊದಲೇ ಅವರು ಸ್ಟೋರೇಜ್ ಪೆಟ್ಟಿಗೆ ಬದಲಿಸಿದ್ದರು. ಇನ್ನೂ ಜೋರಾದದ್ದು, ಇನ್ನೂ ದುಬಾರಿಯದು. ಅದರಿಂದ ಒಂದು ನಿಮಿಷವೂ ಉಳಿಯಲಿಲ್ಲ. "ನೆಟ್‌ವರ್ಕೇ ಸರಿ ಇಲ್ಲ ಸರ್. ಕೇಬಲ್ ಎಲ್ಲ ಕಿತ್ತು ಹೊಸದಾಗಿ ಎಳೆಸಿಬಿಡೋಣ" ಅಂದರು ಆಫೀಸಿನ ಮೇಡಂ. ಸ್ವಲ್ಪ ತಡೀರಿ ಅಂದೆ. ಆ ಗೆರೆ ನಿಂತಿದ್ದ ಎತ್ತರವನ್ನು ನೋಡಿದ್ದೆ. ಸೆಕೆಂಡಿಗೆ 11 ಎಂಬಿ.

ಈ 11 ನನ್ನ ಹಳೇ ಪರಿಚಯ. ನಿಮ್ಮಲ್ಲಿ ಹಲವರಿಗೂ ಇರಬಹುದು. ನೆಟ್‌ವರ್ಕ್ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲ್ ಗಾತ್ರವನ್ನು ಬೈಟ್‌ನಲ್ಲಿ. 8 ಬಿಟ್‌ಗೆ ಒಂದು ಬೈಟ್. ಹಾಗಾಗಿ 100 ಮೆಗಾಬಿಟ್ ಕೊಂಡಿಯಲ್ಲಿ ಹೋಗಬಹುದಾದದ್ದು ಸೆಕೆಂಡಿಗೆ 12.5 ಎಂಬಿ. ಪ್ರತಿ ಪ್ಯಾಕೆಟ್ಟಿಗೂ ವಿಳಾಸ, ಲೆಕ್ಕ, ನಡುವಿನ ಬಿಡುವು ಅಂತ ಸ್ವಲ್ಪ ಹೋಗುತ್ತದೆ. ಉಳಿಯುವುದು 11 ಚಿಲ್ಲರೆ. ಗಿಗಾಬಿಟ್ ಆದರೆ ಇದರ ಹತ್ತು ಪಟ್ಟು, 110ರಿಂದ 118ರವರೆಗೆ. ಈಗ 550 ಜಿಬಿಯನ್ನು 11ರಿಂದ ಭಾಗಿಸಿ ನೋಡಿ. 50,000 ಸೆಕೆಂಡ್. ಹತ್ತಿರ ಹತ್ತಿರ 14 ಗಂಟೆ. ರಾತ್ರಿ 8ಕ್ಕೆ ಹೊರಟದ್ದು ಬೆಳಿಗ್ಗೆ 10ಕ್ಕೆ ಮುಟ್ಟುತ್ತದೆ. ಗೆರೆಯೂ ಅದನ್ನೇ ಹೇಳುತ್ತಿತ್ತು.

ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ 100ರ ಕೊಂಡಿ ಇದೆ. ಎಲ್ಲಿ? ಎಲ್ಲ ಕೇಬಲ್ ಬಂದು ಸೇರುವ ಸ್ವಿಚ್ ಗಿಗಾಬಿಟ್ಟಿನದು. ಹೊಸ ಪೆಟ್ಟಿಗೆಯೂ ಗಿಗಾಬಿಟ್ಟಿನದು. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡೂ ಅಷ್ಟೇ. ಆದರೆ ವಿಂಡೋಸ್‌ನಲ್ಲಿ ಈಥರ್ನೆಟ್ ಸ್ಟೇಟಸ್ ತೆಗೆದರೆ ಸ್ಪೀಡ್ 100 ಅಂತಲೇ ಇತ್ತು. ಮೇಜಿನ ಕೆಳಗೆ ಕೂತು, ಕಂಪ್ಯೂಟರಿನ ಬೆನ್ನಿನಿಂದ ಹೊರಟ ಕೇಬಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ. ಅದು ಗೋಡೆಗೆ ಹೋಗಲಿಲ್ಲ. ಮೇಜಿನ ಮೇಲಿದ್ದ ಫೋನಿನ ಹಿಂದಕ್ಕೆ ಹೋಯಿತು! ಆ ಥರದ ಆಫೀಸ್ ಫೋನುಗಳ ಹಿಂದೆ ಎರಡು ಸಾಕೆಟ್ ಇರುತ್ತವೆ. ಗೋಡೆಯಿಂದ ಬರುವುದಕ್ಕೆ ಒಂದು, ಕಂಪ್ಯೂಟರಿಗೆ ಹೋಗುವುದಕ್ಕೆ ಒಂದು. ಒಂದೇ ಗೋಡೆ ಸಾಕೆಟ್ಟಿನಲ್ಲಿ ಎರಡೂ ನಡೆಯಲಿ ಅಂತ ಮಾಡಿದ ಅನುಕೂಲ. ಹಳೆಯ ಫೋನುಗಳಲ್ಲಿ ಈ ಎರಡೂ ಸಾಕೆಟ್ 100 ಮೆಗಾಬಿಟ್ಟಿನವು. ಆ ಕಂಪ್ಯೂಟರ್ ಒಂದು ಕಾಲದಲ್ಲಿ ಲೆಕ್ಕಪತ್ರದವರ ಮೇಜಿನ ಮೇಲೆ ಸಾಮಾನ್ಯ ಕಂಪ್ಯೂಟರ್ ಆಗಿತ್ತಂತೆ. ಆಮೇಲೆ ಅದೇ ಎಲ್ಲರ ಫೈಲ್ ಇಡುವ ಜಾಗ ಆಯಿತು. ಕೇಬಲ್ ಮಾತ್ರ ಹಳೇ ಜಾಗದಲ್ಲೇ ಉಳಿಯಿತು.

ಕೇಬಲನ್ನು ಫೋನಿನಿಂದ ಕಿತ್ತು ನೇರ ಸ್ವಿಚ್ಚಿಗೆ ಹಾಕಿದೆ. ಖರ್ಚು ಏನೂ ಇಲ್ಲ.

ಫೋನೇ ಆಗಬೇಕೆಂದಿಲ್ಲ. ಯಾರದೋ ಮೇಜಿನ ಕೆಳಗೆ ಐದು ಪೋರ್ಟಿನ ಹಳೇ ಸ್ವಿಚ್ ಒಂದು ಧೂಳು ಹಿಡಿದು ಕೂತಿರುತ್ತದೆ. ಇಲ್ಲದಿದ್ದರೆ ಕೇಬಲ್ಲೇ ಕಾರಣ. 100 ಮೆಗಾಬಿಟ್ ಓಡಲು ಎರಡು ಜೋಡಿ ತಂತಿ ಸಾಕು. ಗಿಗಾಬಿಟ್ಟಿಗೆ ನಾಲ್ಕು ಜೋಡಿಯೂ ಬೇಕು, ಎಂಟಕ್ಕೆ ಎಂಟು ತಂತಿ. ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಪ್ಲಗ್ ಕೂರಿಸುವಾಗ, ಒಂದು ತಂತಿ ಸರಿಯಾಗಿ ಕೂರದಿದ್ದರೆ, ಕುರ್ಚಿ ಚಕ್ರದ ಕೆಳಗೆ ಸಿಕ್ಕಿ ಒಂದು ತುಂಡಾಗಿದ್ದರೆ, ಎರಡೂ ಕಡೆಯ ಯಂತ್ರಗಳು ಬಹಳ ಸಲ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಲೈಟ್ ಉರಿಯುತ್ತದೆ. ಇಂಟರ್ನೆಟ್ ಬರುತ್ತದೆ. ಯಾರಿಗೂ ಅನುಮಾನ ಬರಲ್ಲ. ಕ್ಯಾಟ್ 5ಇ ಕೇಬಲ್ ಸರಿಯಾಗಿದ್ದರೆ 100 ಮೀಟರ್‌ವರೆಗೂ ಗಿಗಾಬಿಟ್ ಹೊರುತ್ತದೆ. ಹಾಗಾಗಿ "ಕೇಬಲ್ ಹಳೇದು, ಅದಕ್ಕೇ ನಿಧಾನ" ಅನ್ನುವ ಮೊದಲು ತುದಿಗಳನ್ನು ನೋಡಿ. ನಾನು ಚೀಲದಲ್ಲಿ ಯಾವಾಗಲೂ ಒಂದು ಒಳ್ಳೇ ಕೇಬಲ್ ಇಟ್ಟುಕೊಂಡಿರುತ್ತೇನೆ. ಟೆಸ್ಟರ್ ತೆಗೆಯುವುದಕ್ಕಿಂತ ಅದನ್ನು ಹಾಕಿ ನೋಡುವುದೇ ಬೇಗ.

ಇಲ್ಲಿ ಒಂದು ವಿಷಯದ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ. ವೇಗದ ಅಂಕಿಯನ್ನು ನಾಡಿ ಹಿಡಿದ ಹಾಗೆ ನೋಡಿ. ಕಾಪಿ ಆಗುತ್ತಿರುವಾಗ ಐದು ನಿಮಿಷ ಸುಮ್ನೆ ಗ್ರಾಫ್ ನೋಡುತ್ತಾ ಕೂತರೆ ಅರ್ಧ ರೋಗ ಗೊತ್ತಾಗುತ್ತದೆ.

ಅಲುಗಾಡದೆ 11ರಲ್ಲಿ ನಿಂತಿದ್ದರೆ 100ರ ಕೊಂಡಿ. 30ರಿಂದ 40ರಲ್ಲಿ ನಿಂತಿದ್ದರೆ ಎಲ್ಲೋ ಯುಎಸ್‌ಬಿ 2 ಇದೆ. ಅದರ ಮೇಲೆ 480 ಮೆಗಾಬಿಟ್ ಅಂತ ಬರೆದಿದ್ದರೂ ಕೈಗೆ ಸಿಗುವುದು ಅಷ್ಟೇ. ಡಿಸ್ಕ್ ಯುಎಸ್‌ಬಿ 3ರದೇ ಇರಬಹುದು, ಆದರೆ ಹಳೇ ಪೋರ್ಟಿಗೆ ಚುಚ್ಚಿರುತ್ತಾರೆ. ರೂಟರಿನ ಯುಎಸ್‌ಬಿ ಸಾಕೆಟ್ಟಿಗೆ ಡಿಸ್ಕ್ ಹಾಕಿ ಬ್ಯಾಕಪ್ ಮಾಡುವವರೂ ಇದ್ದಾರೆ. ಅಲ್ಲಿ ರೂಟರಿನ ಪುಟ್ಟ ಪ್ರೊಸೆಸರೇ ಸುಸ್ತಾಗುತ್ತದೆ. 110ರ ಆಸುಪಾಸು ಇದ್ದರೆ ಗಿಗಾಬಿಟ್ ತುಂಬಿ ಹರಿಯುತ್ತಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಸೆಟ್ಟಿಂಗ್ ಬದಲಿಸುತ್ತಾ ಕೂತು ಪ್ರಯೋಜನವಿಲ್ಲ. 2 ಅಥವಾ 3ಕ್ಕೆ ಬಂದು ಆಗಾಗ ಸೊನ್ನೆ ಮುಟ್ಟುತ್ತಿದ್ದರೆ ಡುಪ್ಲೆಕ್ಸ್ ಜಗಳ ಇರಬಹುದು. ಫುಲ್ ಡುಪ್ಲೆಕ್ಸ್ ಅಂದರೆ ಎರಡೂ ಕಡೆಯವರು ಒಟ್ಟಿಗೆ ಮಾತಾಡಬಹುದು, ಹಾಫ್ ಅಂದರೆ ಒಬ್ಬರಾದ ಮೇಲೆ ಒಬ್ಬರು. ಒಂದು ಕಡೆ ಯಾರೋ ಕೈಯಾರೆ 100 ಫುಲ್ ಅಂತ ಕೂರಿಸಿರುತ್ತಾರೆ, ಇನ್ನೊಂದು ಕಡೆ ಆಟೋ ಇರುತ್ತದೆ. ಆಟೋ ಇರುವ ಕಡೆಯದು ಹಾಫ್ ಡುಪ್ಲೆಕ್ಸ್ ಅಂದುಕೊಳ್ಳುತ್ತದೆ. ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಎರಡೂ ಕಡೆ ಆಟೋ ಮಾಡಿದರೆ ಮುಗಿಯಿತು.

ಇನ್ನೊಂದು ಥರ ಇದೆ. ಮೊದಲ ಹತ್ತಿಪ್ಪತ್ತು ನಿಮಿಷ ಜೋರಾಗಿ ಓಡಿ, ಆಮೇಲೆ ಇದ್ದಕ್ಕಿದ್ದಂತೆ ಬಿದ್ದು ಅಲ್ಲೇ ತೆವಳುವುದು. ಇದು ಬರೆಸಿಕೊಳ್ಳುವ ಡಿಸ್ಕಿನ ಸುಸ್ತು. ಕೆಲವು ಹಾರ್ಡ್ ಡಿಸ್ಕುಗಳಲ್ಲಿ ಟ್ರ್ಯಾಕುಗಳು ಮಾಡಿನ ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಎಸ್‌ಎಂಆರ್ ಅನ್ನುತ್ತಾರೆ. ಒಂದು ಹೆಂಚು ಬದಲಿಸಲು ಪಕ್ಕದ ಸಾಲನ್ನೂ ಎತ್ತಿ ಜೋಡಿಸಬೇಕು, ಅಲ್ವಾ? ಅದೇ ತೊಂದರೆ. ಮೊದಲು ಬಂದದ್ದನ್ನು ಒಂದು ಬಿಡಿ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಅದು ತುಂಬಿದ ಮೇಲೆ ಏದುಸಿರು ಬಿಡುತ್ತದೆ. ಅಗ್ಗದ ಎಸ್‌ಎಸ್‌ಡಿಗಳೂ ಹೀಗೇ. ಒಳಗೆ ಸ್ವಲ್ಪ ಜಾಗ ವೇಗದ್ದು, ಉಳಿದದ್ದು ನಿಧಾನದ್ದು. ನೂರಾರು ಜಿಬಿ ಒಂದೇ ಸಮ ಸುರಿದರೆ ಬಣ್ಣ ಬಯಲಾಗುತ್ತದೆ. ದಿನಾ ದೊಡ್ಡ ಬ್ಯಾಕಪ್ ತೆಗೆದುಕೊಳ್ಳುವ ಪೆಟ್ಟಿಗೆಗೆ ಸಿಎಂಆರ್ ಡಿಸ್ಕನ್ನೇ, ಅಂದರೆ ಟ್ರ್ಯಾಕುಗಳು ಒಂದರ ಮೇಲೊಂದು ಕೂರದ್ದನ್ನೇ, ಕೇಳಿ ಹಾಕಿಸಿ.

ಅನುಮಾನ ಬಂದರೆ ಬೇರೆ ಬೇರೆಯಾಗಿ ಅಳೆಯಿರಿ. ಐಪರ್ಫ್ 3 ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ, ಉಚಿತ. ಒಂದು ಕಡೆ ಸರ್ವರ್ ಮಾಡಿ ಓಡಿಸಿ, ಇನ್ನೊಂದು ಕಡೆ ಕ್ಲೈಂಟ್ ಮಾಡಿ. ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ, ಒಂದು ಕಂಪ್ಯೂಟರಿನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ಕಳಿಸುತ್ತದೆ. 940 ಮೆಗಾಬಿಟ್ ತೋರಿಸಿದರೆ ತಂತಿಯಲ್ಲಿ ತಪ್ಪಿಲ್ಲ. ಆಮೇಲೆ 20 ಜಿಬಿಯ ಒಂದೇ ಒಂದು ಫೈಲ್ ಕಾಪಿ ಮಾಡಿ. ಅದು ನಿಧಾನವಾದರೆ ಡಿಸ್ಕನ್ನು ಹಿಡಿಯಿರಿ. ಅದೂ ಜೋರಾಗಿ ಹೋಗಿ ಬ್ಯಾಕಪ್ ಮಾತ್ರ ನಿಧಾನವಾದರೆ ತಪ್ಪು ಫೈಲುಗಳದು, ಇಲ್ಲವೇ ಬ್ಯಾಕಪ್ ಪ್ರೋಗ್ರಾಮಿನದು. ಕಾಲು ಗಂಟೆಯ ಕೆಲಸ. ಈ ಕಾಲು ಗಂಟೆ ಕೊಡದೆ ಸಾಮಾನು ಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಸರಿ, ನಮ್ಮ ಆಫೀಸಿಗೆ ಬರೋಣ. ಫೋನಿನಿಂದ ಬಿಡಿಸಿದ ದಿನ ನಾನು ಹಾಕಿದ್ದ ಲೆಕ್ಕ 83 ನಿಮಿಷ. ಮೇಡಂಗೆ ಹಾಗೇ ಹೇಳಿಯೂ ಬಂದಿದ್ದೆ. ಆ ರಾತ್ರಿ ಹಿಡಿದದ್ದು ಹತ್ತಿರ ಹತ್ತಿರ 4 ಗಂಟೆ. 14ಕ್ಕೆ ಹೋಲಿಸಿದರೆ ಅವರಿಗೆ ಖುಷಿಯೇ ಆಯಿತು. ನನಗೆ ಮುಖಭಂಗ.

ಗ್ರಾಫ್ ನೋಡಿದರೆ ಮೊದಲ ಒಂದು ಗಂಟೆ ಚಿಲ್ಲರೆ 110ರಲ್ಲಿ ನೆಟ್ಟಗಿದೆ. ಆಮೇಲೆ ಗರಗಸದ ಹಲ್ಲಿನ ಹಾಗೆ. ಒಮ್ಮೆ 20, ಒಮ್ಮೆ 2, ಎಲ್ಲೋ ಒಂದು ಕಡೆ 60. ಗರಗಸ ಕಂಡರೆ ಸಣ್ಣ ಫೈಲುಗಳು ಅಂತ ತಿಳಿಯಿರಿ. ಎಣಿಸಿದರೆ 3 ಲಕ್ಷ ಫೈಲ್. ಎಲ್ಲ ಸೇರಿ 30 ಜಿಬಿ ಮಾತ್ರ.

ಮನೆ ಬದಲಿಸುವಾಗ ಬೀರು ಸಾಗಿಸುವುದು ಕಷ್ಟವಲ್ಲ, ನಾಲ್ಕು ಜನ ಎತ್ತಿದರೆ ಹೋಯಿತು. ದಿನ ತಿನ್ನುವುದು ಚಿಲ್ಲರೆ ಸಾಮಾನು. ಅದನ್ನು ಒಂದೊಂದೇ ಕೈಯಲ್ಲಿ ಹಿಡಿದು ಮಹಡಿ ಹತ್ತಿ ಇಳಿದರೆ ಸಂಜೆಯಾದರೂ ಮುಗಿಯಲ್ಲ. ನೆಟ್‌ವರ್ಕ್ ಶೇರ್ ಮೇಲೆ ಒಂದು ಫೈಲ್ ಇಡಬೇಕಾದರೆ ನಡೆಯುವುದನ್ನು ನೋಡಿ. ಈ ಹೆಸರಿನದು ಅಲ್ಲಿ ಇದೆಯಾ ಅಂತ ಕೇಳಬೇಕು. ಇಲ್ಲ ಅಂತ ಉತ್ತರ ಬರಬೇಕು. ಹೊಸದಾಗಿ ಮಾಡು ಅನ್ನಬೇಕು. ಡೇಟಾ ಕಳಿಸಬೇಕು. ತಾರೀಕು, ಸಮಯ ಬರೆಸಬೇಕು. ಮುಚ್ಚಬೇಕು. ಪ್ರತಿ ಹೆಜ್ಜೆಗೂ ಹೋಗಿ ಬರುವ ಒಂದು ಸುತ್ತು. ಈ ನಡುವೆ ಎರಡೂ ಕಡೆ ಹಾರ್ಡ್ ಡಿಸ್ಕಿನ ಮುಳ್ಳು ಆ ಕಡೆ ಈ ಕಡೆ ಓಡಾಡಬೇಕು. ಎಲ್ಲ ಸೇರಿ ಫೈಲಿಗೆ 30 ಮಿಲಿಸೆಕೆಂಡ್ ಹಿಡಿಯಿರಿ. ಕಣ್ಣು ರೆಪ್ಪೆ ಹೊಡೆಯುವುದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದರೆ 3 ಲಕ್ಷದಿಂದ ಗುಣಿಸಿದರೆ 9,000 ಸೆಕೆಂಡ್, ಎರಡೂವರೆ ಗಂಟೆ! ಅದೇ 30 ಜಿಬಿ ಒಂದೇ ಫೈಲ್ ಆಗಿದ್ದಿದ್ದರೆ ಐದು ನಿಮಿಷ ಸಾಕಿತ್ತು. ಇದಕ್ಕೆ ಹತ್ತು ಪಟ್ಟು ವೇಗದ ಸ್ವಿಚ್ ತಂದು ಹಾಕಿದರೂ ಎರಡೂವರೆ ಗಂಟೆ ಎರಡೂವರೆ ಗಂಟೆಯಾಗಿಯೇ ಇರುತ್ತದೆ.

ಇದಕ್ಕೆ ಮದ್ದು ಒಂದಲ್ಲ. ಮೊದಲನೆಯದು, ಒಂದೇ ಸಲ ಹಲವು ಫೈಲ್ ಕಳಿಸುವುದು. ವಿಂಡೋಸ್ ಜೊತೆಗೇ ರೋಬೊಕಾಪಿ ಅಂತ ಕಾಪಿ ಮಾಡುವ ಪ್ರೋಗ್ರಾಂ ಬರುತ್ತದೆ, ವಿಸ್ಟಾ ಕಾಲದಿಂದ ಇದೆ. ಅದಕ್ಕೆ ಸ್ಲ್ಯಾಶ್ ಎಂಟಿ ಅಂತ ಸೇರಿಸಿದರೆ ಒಟ್ಟಿಗೆ 8 ಫೈಲ್ ಹೋಗುತ್ತವೆ. ಸಂಖ್ಯೆ ಕೊಟ್ಟು 128ರವರೆಗೂ ಏರಿಸಬಹುದು. ಏರಿಸಬೇಡಿ. ಬರೆಸಿಕೊಳ್ಳುವುದು ಹಾರ್ಡ್ ಡಿಸ್ಕ್ ಆಗಿದ್ದರೆ 16ರ ಮೇಲೆ ಹೋದಾಗ ಮುಳ್ಳು ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ ಅನ್ನುವುದು ನನ್ನ ಅನುಭವ. ಎಸ್‌ಎಸ್‌ಡಿ ಆಗಿದ್ದರೆ ಇನ್ನೂ ಸ್ವಲ್ಪ ಧೈರ್ಯ ಮಾಡಬಹುದು. ಎರಡನೆಯದು, ಕಳಿಸುವ ಕಡೆಯಲ್ಲೇ ಎಲ್ಲವನ್ನೂ ಒಂದು ಗಂಟು ಕಟ್ಟಿ ಕಳಿಸುವುದು. ಟಾರ್ ಅನ್ನುವ ಗಂಟಿನ ಫೈಲ್ ಆಗಬಹುದು, ಒತ್ತದೇ ಇರುವ, ಅಂದರೆ ಕಂಪ್ರೆಸ್ ಮಾಡದ ಜಿಪ್ ಆಗಬಹುದು. ಬೋರ್ಗ್, ರೆಸ್ಟಿಕ್ ಥರದ ಬ್ಯಾಕಪ್ ಪ್ರೋಗ್ರಾಮುಗಳು ಈ ಕೆಲಸವನ್ನು ಒಳಗೇ ಮಾಡಿಕೊಳ್ಳುತ್ತವೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಕಳಿಸದೇ ಇರುವುದು. ಆ 3 ಲಕ್ಷ ಫೈಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಸ. ಚಿತ್ರಗಳ ಪುಟಾಣಿ ನಕಲುಗಳು, ನಕ್ಷೆಯ ಪ್ರೋಗ್ರಾಂ ತಾನೇ ಹಾಕಿಟ್ಟುಕೊಂಡ ಆಟೋಸೇವ್‌ಗಳು, ಕ್ಯಾಶ್ ಫೋಲ್ಡರುಗಳು. ನಾಳೆ ಹೋದರೆ ಯಾರೂ ಅಳಲ್ಲ. ಇಂಥವನ್ನು ಹೆಸರು ನೋಡಿ ಬಿಟ್ಟುಬಿಡು ಅಂತ ಒಂದು ಪಟ್ಟಿ ಮಾಡಿ ಕೊಟ್ಟೆ. ಈ ಪಟ್ಟಿಯ ಕಥೆ ಇನ್ನೂ ಇದೆ, ಕೊನೆಗೆ ಹೇಳುತ್ತೇನೆ.

ಕಳಿಸದೇ ಇರುವುದರಲ್ಲಿ ದೊಡ್ಡ ಉಳಿತಾಯ ಬೇರೆ ಕಡೆ ಇದೆ. ಅವರು ದಿನಾ 550 ಜಿಬಿಯನ್ನೂ ಕಳಿಸುತ್ತಿದ್ದರು ಅಂದೆನಲ್ಲ. ದಿನಕ್ಕೆ ಬದಲಾಗುತ್ತಿದ್ದದ್ದು 6 ಅಥವಾ 7 ಜಿಬಿ. ಅವರ ಬ್ಯಾಕಪ್ ಮಾಡುತ್ತಿದ್ದದ್ದೂ ರೋಬೊಕಾಪಿಯೇ. ಅದು ಹೇಗೂ ಗಾತ್ರ ಮತ್ತು ಸಮಯ ಹೋಲಿಸಿ, ಒಂದೇ ಇದ್ದರೆ ಬಿಟ್ಟು ಮುಂದೆ ಹೋಗುತ್ತದೆ. ಮತ್ತೆ ಯಾಕೆ ಎಲ್ಲ ಕಾಪಿ ಆಗುತ್ತಿತ್ತು? ಇದು ನನಗೂ ಅರ್ಧ ದಿನ ತಿಂದ ಪ್ರಶ್ನೆ. ಲಾಗ್ ತೆಗೆದರೆ ಪ್ರತಿ ಫೈಲಿನ ಮುಂದೆಯೂ "ಹೊಸದು" ಅಂತ ಇದೆ. ಎರಡೂ ಕಡೆಯ ಸಮಯ ನೋಡಿದರೆ ಒಂದೇ ಗಂಟೆ, ಒಂದೇ ನಿಮಿಷ, ಒಂದೇ ಸೆಕೆಂಡ್. ವ್ಯತ್ಯಾಸ ಸೆಕೆಂಡಿನ ಚೂರಿನಲ್ಲಿ ಇತ್ತು. ವಿಂಡೋಸ್ ತನ್ನ ಡಿಸ್ಕಿನಲ್ಲಿ ಫೈಲಿನ ಸಮಯವನ್ನು ಬಹಳ ಸಣ್ಣ ಚೂರುಗಳವರೆಗೂ ಬರೆಯುತ್ತದೆ. ಸ್ಟೋರೇಜ್ ಪೆಟ್ಟಿಗೆ ಒಳಗೆ ಓಡುವುದು ಬೇರೆ ಫೈಲ್ ಸಿಸ್ಟಂ. ಅದು ಸಮಯವನ್ನು ಸ್ವಲ್ಪ ದುಂಡಗೆ ಮಾಡಿ ಇಟ್ಟುಕೊಳ್ಳುತ್ತಿತ್ತು. ಮರುದಿನ ಹೋಲಿಸಿದಾಗ ಇವು ಎರಡೂ ಬೇರೆ ಅಂತ ರೋಬೊಕಾಪಿ ಎಲ್ಲವನ್ನೂ ಮತ್ತೆ ಹೊತ್ತುಕೊಂಡು ಹೋಗುತ್ತಿತ್ತು. ಇದಕ್ಕೆಂದೇ ಸ್ಲ್ಯಾಶ್ ಎಫ್‌ಎಫ್‌ಟಿ ಅನ್ನುವ ಆಯ್ಕೆ ಇದೆ. ಎರಡು ಸೆಕೆಂಡ್ ಆಚೆ ಈಚೆ ಇದ್ದರೂ ಒಂದೇ ಅಂತ ತಿಳಿ ಅನ್ನುತ್ತದೆ. ಮೂರು ಅಕ್ಷರ ಸೇರಿಸಿದೆ. ಆ ರಾತ್ರಿಯ ಬ್ಯಾಕಪ್ 25 ನಿಮಿಷ. ಅದರಲ್ಲೂ ಹೆಚ್ಚಿನ ಹೊತ್ತು ಫೈಲುಗಳ ಪಟ್ಟಿ ಓದುವುದಕ್ಕೇ ಹೋಗಿತ್ತು.

ರೋಬೊಕಾಪಿಯಲ್ಲಿ ಮಿರರ್ ಅಂತ ಇನ್ನೊಂದು ಆಯ್ಕೆ ಇದೆ. ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸುತ್ತದೆ. ಮೂಲ ಫೋಲ್ಡರಿನ ಹೆಸರು ತಪ್ಪು ಕೊಟ್ಟು ಖಾಲಿ ಫೋಲ್ಡರ್ ತೋರಿಸಿದರೆ ಬ್ಯಾಕಪ್ಪೂ ಖಾಲಿ. ವೇಗವಾಗಿಯೇ ಮಾಡುತ್ತದೆ. ಹಳೇ ಆವೃತ್ತಿಗಳನ್ನು ಪೆಟ್ಟಿಗೆಯ ಕಡೆ ಸ್ನ್ಯಾಪ್‌ಶಾಟ್ ಮಾಡಿ ಇಡುವ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ.

ಇಲ್ಲಿ ಒಬ್ಬರು ಕೈ ಎತ್ತಿದರು. "ಸರ್, ನಮ್ಮಲ್ಲಿ ಫೈಲ್ ಜಾಸ್ತಿ ಇಲ್ಲ. ಒಂದೇ ಒಂದು, 200 ಜಿಬಿದು. ವರ್ಚುವಲ್ ಮಷೀನ್. ಒಳಗೆ ಸ್ವಲ್ಪ ಬದಲಾದರೂ ಅಷ್ಟೂ ಹೋಗುತ್ತೆ. ಆರ್‌ಸಿಂಕ್ ಹಾಕಿದೆ, ಇನ್ನೂ ನಿಧಾನ ಆಯ್ತು."

ಒಳ್ಳೇ ಪ್ರಶ್ನೆ. ವರ್ಚುವಲ್ ಮಷೀನ್ ಅಂದರೆ ಕಂಪ್ಯೂಟರಿನ ಒಳಗೆ ಪ್ರೋಗ್ರಾಂ ಆಗಿ ಓಡುವ ಇನ್ನೊಂದು ಕಂಪ್ಯೂಟರ್, ಇವರಲ್ಲಿ ಅದರ ಡಿಸ್ಕ್ ಪೂರ್ತಿ ಒಂದೇ ಫೈಲ್. ಆರ್‌ಸಿಂಕ್ ಅಂದರೆ ಬದಲಾದ ಭಾಗವನ್ನಷ್ಟೇ ಕಳಿಸಬಲ್ಲ ಕಾಪಿ ಪ್ರೋಗ್ರಾಂ. ಎಲ್ಲಿಗೆ ಹಾಕಿದ್ದೀರಿ, ಪೆಟ್ಟಿಗೆಯನ್ನು ಶೇರ್ ಆಗಿ ಮೌಂಟ್ ಮಾಡಿಕೊಂಡು, ಅಂದರೆ ಸ್ವಂತ ಡಿಸ್ಕಿನ ಹಾಗೆ ಜೋಡಿಸಿಕೊಂಡು, ಅದಕ್ಕಾ ಅಂತ ಕೇಳಿದೆ. ಹೌದು ಅಂದರು. ಸಿಕ್ಕಿಬೀಳುವುದು ಅಲ್ಲೇ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಆರ್‌ಸಿಂಕ್ ಮಾಡಿದಾಗ ಉಪಾಯ ಹೀಗಿತ್ತು. ಎರಡೂ ಕಡೆ ಒಂದೊಂದು ಆರ್‌ಸಿಂಕ್ ಇರುತ್ತದೆ. ಆ ಕಡೆಯದು ತನ್ನ ಹಳೇ ಫೈಲನ್ನು ತುಂಡು ತುಂಡಾಗಿ ಓದಿ, ಪ್ರತಿ ತುಂಡಿನ ಗುರುತನ್ನು ಮಾತ್ರ ಕಳಿಸುತ್ತದೆ. ಈ ಕಡೆಯದು ಹೋಲಿಸಿ, ಬದಲಾದ ತುಂಡನ್ನಷ್ಟೇ ಕೊಡುತ್ತದೆ. ಶೇರ್ ಮೌಂಟ್ ಮಾಡಿದರೆ ಆ ಕಡೆ ಯಾರೂ ಇರಲ್ಲ. ಎರಡೂ ನನ್ನದೇ ಡಿಸ್ಕ್ ಅಂತ ಆರ್‌ಸಿಂಕ್ ಅಂದುಕೊಂಡು, ಹೋಲಿಕೆ ಬಿಟ್ಟು, ಇಡೀ ಫೈಲನ್ನೇ ಕಾಪಿ ಮಾಡುತ್ತದೆ. ಹೋಲಿಸಲೇಬೇಕು ಅಂತ ಹಟ ಮಾಡಿದರೆ ಇನ್ನೂ ಕೆಟ್ಟದು. ಗುರುತು ಹಾಕಲು ಹಳೇ 200 ಜಿಬಿಯನ್ನೂ ನೆಟ್‌ವರ್ಕ್ ಮೇಲೆ ಎಳೆದು ತಂದು ಓದುತ್ತದೆ. ನಿಮ್ಮದು ನಿಧಾನವಾದದ್ದು ಹಾಗೆ. ಪೆಟ್ಟಿಗೆಯ ಒಳಗೇ ಆರ್‌ಸಿಂಕ್ ಸರ್ವಿಸ್ ಓಡಿಸಿ, ಅದಕ್ಕೆ ಕಳಿಸಿ. ಬಹಳಷ್ಟು ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಒಂದು ಟಿಕ್ ಹಾಕಿದರೆ ಸಾಕು.

ಆದರೂ ಈ ಕಡೆಯ ಡಿಸ್ಕಿನಿಂದ 200 ಜಿಬಿಯನ್ನು ಪೂರ್ತಿ ಓದಲೇಬೇಕು. ಅಷ್ಟೂ ಬೇಡ ಅಂದರೆ ವರ್ಚುವಲ್ ಮಷೀನ್ ನಡೆಸುವ ಪ್ರೋಗ್ರಾಮನ್ನೇ ಕೇಳಬೇಕು. ನಿನ್ನೆಯಿಂದ ಯಾವ ಬ್ಲಾಕ್ ಬದಲಾಗಿವೆ ಅನ್ನುವ ಲೆಕ್ಕ ಅದು ಇಟ್ಟಿರುತ್ತದೆ. ಅದನ್ನು ಬಳಸುವ ಬ್ಯಾಕಪ್ ಪ್ರೋಗ್ರಾಮುಗಳು ಬದಲಾದದ್ದನ್ನು ಮಾತ್ರ ಓದುತ್ತವೆ. ಮೆಶಿನ್ ಓಡುತ್ತಿರುವಾಗ ಅದರ ಫೈಲನ್ನು ಸುಮ್ನೆ ಕಾಪಿ ಮಾಡುವುದಂತೂ ಬೇಡವೇ ಬೇಡ. ಅರ್ಧ ನಿನ್ನೆಯದು, ಅರ್ಧ ಇವತ್ತಿನದು ಆಗಿ ಕೂರುತ್ತದೆ. ಡೇಟಾಬೇಸಿಗೂ ಇದೇ ಮಾತು. ಅದರದೇ ಡಂಪ್, ಅಂದರೆ ಅದೇ ಬರೆದುಕೊಡುವ ಪೂರ್ತಿ ನಕಲು, ತೆಗೆದು, ಆ ಡಂಪನ್ನು ಕಳಿಸಿ.

"ಕಂಪ್ರೆಸ್ ಮಾಡಿ ಕಳಿಸಿದರೆ?" ಅಂತ ಹಿಂದಿನ ಸಾಲಿನಿಂದ ಬಂತು.

ಇಂಟರ್ನೆಟ್ ಮೇಲೆ ಸರಿ. ಆಫೀಸಿನ ಒಳಗೆ ಬಹಳ ಸಲ ಉಲ್ಟಾ ಹೊಡೆಯುತ್ತದೆ. ಫೈಲನ್ನು ಒತ್ತಿ ಚಿಕ್ಕದು ಮಾಡುವ ಹಳೇ ಜಿಜಿಪ್ ಪ್ರೊಸೆಸರಿನ ಒಂದೇ ಕೋರ್ ಮೇಲೆ ಓಡುತ್ತದೆ. ಗಿಗಾಬಿಟ್ಟಿನ 110 ಎಂಬಿಗೆ ಹೊಂದಿಕೊಂಡು ಒತ್ತುವುದು ಅದರಿಂದ ಆಗದ ಕೆಲಸ. ತಂತಿ ಖಾಲಿ ಕೂತಿರುತ್ತದೆ, ಪ್ರೊಸೆಸರ್ ಬೆವರು ಸುರಿಸುತ್ತಿರುತ್ತದೆ. ಆರ್‌ಸಿಂಕ್‌ಗೆ ಅಭ್ಯಾಸಬಲದಿಂದ, ಒತ್ತಿ ಕಳಿಸು ಅನ್ನುವ ಹೈಫನ್ ಝೆಡ್ ಸೇರಿಸುವವರು ಅದನ್ನು ಒಮ್ಮೆ ತೆಗೆದು ನೋಡಿ. ಫೋಟೋ, ವಿಡಿಯೋ, ಜಿಪ್ ಇವು ಆಗಲೇ ಒತ್ತಿದವು, ಇನ್ನು ಕುಗ್ಗಲ್ಲ. ಒತ್ತಲೇಬೇಕಿದ್ದರೆ ಎಲ್‌ಝೆಡ್4 ಅಥವಾ 2016ರಲ್ಲಿ ಫೇಸ್‌ಬುಕ್ ಬಿಡುಗಡೆ ಮಾಡಿದ ಝೆಡ್‌ಸ್ಟ್ಯಾಂಡರ್ಡ್ ಇವೆ. ಕಡಿಮೆ ಮಟ್ಟದಲ್ಲಿ ಇಟ್ಟರೆ ಇವು ತಂತಿಗಿಂತ ಮುಂದೆ ಓಡುತ್ತವೆ.

ಆಂಟಿವೈರಸ್ ಬಗ್ಗೆ ಒಂದೇ ಮಾತು. ಕಾಪಿ ಆಗುವ ಪ್ರತಿ ಫೈಲನ್ನೂ ಅದು ತೆರೆದು ನೋಡುತ್ತದೆ. ಸಣ್ಣ ಫೈಲುಗಳಿದ್ದಾಗ ಇದು ಎದ್ದು ಕಾಣುತ್ತದೆ. ಬ್ಯಾಕಪ್ ಪ್ರೋಗ್ರಾಮಿಗೆ ವಿನಾಯಿತಿ ಕೊಡಿ. ಫೋಲ್ಡರಿಗೆ ಕೊಡಬೇಡಿ.

ಒಬ್ಬ ಮೇಡಂ ಕೇಳಿದರು, ಅವರಲ್ಲಿ ಎಲ್ಲ ಲ್ಯಾಪ್‌ಟಾಪ್, ಎಲ್ಲ ವೈಫೈ. ವೈಫೈಯಲ್ಲಿ ತೋರಿಸುವ ಅಂಕಿಯನ್ನು ನಂಬಬೇಡಿ. ಒಂದೇ ಗಾಳಿಯನ್ನು ಎಲ್ಲರೂ ಹಂಚಿಕೊಳ್ಳಬೇಕು. ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿರಬೇಕು. ತೋರಿಸುವ ವೇಗದ ಅರ್ಧ ಸಿಕ್ಕಿದರೂ ಅದೃಷ್ಟ. ಮೊದಲ ಪೂರ್ತಿ ಬ್ಯಾಕಪ್ ಮಾತ್ರ ಕೇಬಲ್ ಹಾಕಿ ಮುಗಿಸಿ. ಆಮೇಲೆ ದಿನದ ಬದಲಾವಣೆ ವೈಫೈಯಲ್ಲೇ ಹೋಗಲಿ. ಲ್ಯಾಪ್‌ಟಾಪ್ ನಡುವೆ ನಿದ್ದೆ ಹೋಗದ ಹಾಗೆ ನೋಡಿಕೊಳ್ಳಿ. ಬೆಳಿಗ್ಗೆ 40 ಪರ್ಸೆಂಟ್‌ನಲ್ಲಿ ನಿಂತಿರುವ ಬ್ಯಾಕಪ್‌ಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ.

ಇನ್ನು ನೀವು ಕೇಳಿಯೇ ಕೇಳುತ್ತೀರಿ ಅಂತ ಗೊತ್ತಿದ್ದ ಎರಡು ವಿಷಯ. ಜಂಬೋ ಫ್ರೇಮ್. 1500 ಬೈಟಿನ ಪ್ಯಾಕೆಟ್ಟನ್ನು 9000 ಮಾಡುವುದು. ತಂತಿಯ ಮೇಲೆ ನಿಜವಾದ ಡೇಟಾದ ಪಾಲು 95 ಪರ್ಸೆಂಟ್ ಇದ್ದದ್ದು 99 ಆಗುತ್ತದೆ. ಅಷ್ಟೇ. ಅದಕ್ಕೆ ದಾರಿಯಲ್ಲಿರುವ ಪ್ರತಿ ಯಂತ್ರವೂ ಒಪ್ಪಬೇಕು. ಒಂದು ಪ್ರಿಂಟರ್ ತಪ್ಪಿಸಿಕೊಂಡರೆ ಪ್ರಿಂಟ್ ಅರ್ಧಕ್ಕೆ ನಿಂತು ನಿಮಗೆ ಫೋನ್ ಬರುತ್ತದೆ. ಗಿಗಾಬಿಟ್ಟಿನ ಸಣ್ಣ ಆಫೀಸಿಗೆ ನಾನು ಇದನ್ನು ಮಾಡುವುದಿಲ್ಲ. ಎರಡನೆಯದು, ಎರಡು ಕೇಬಲ್ ಹಾಕಿ ಒಂದು ಮಾಡುವುದು. ಎಲ್‌ಎಸಿಪಿ. ಒಂದು ಸಂಪರ್ಕ ಒಂದೇ ತಂತಿಯಲ್ಲಿ ಹೋಗುತ್ತದೆ. ಒಂದು ಕಂಪ್ಯೂಟರಿನಿಂದ ಒಂದು ಪೆಟ್ಟಿಗೆಗೆ ನಡೆಯುವ ಒಂದು ಕಾಪಿ ಡಬಲ್ ಆಗಲ್ಲ. ಎರಡು ಕಂಪ್ಯೂಟರ್ ಒಟ್ಟಿಗೆ ಕಳಿಸಿದರೆ ಲಾಭ ಆಗಬಹುದು, ಆಗದೆಯೂ ಇರಬಹುದು. ಒಂದೇ ಕಾಪಿಯನ್ನು ಎರಡು ತಂತಿಗೆ ಹಂಚುವುದು ವಿಂಡೋಸ್ ಶೇರ್‌ನ ಎಸ್‌ಎಂಬಿ ಮಲ್ಟಿಚಾನೆಲ್, ಅದು ಬೇರೆಯೇ ವಿಷಯ. ವಿಂಡೋಸ್ 8ರ ಕಾಲದಿಂದ ಇದೆ. ಪೆಟ್ಟಿಗೆಯೂ ಅದನ್ನು ಒಪ್ಪಬೇಕು.

ದುಡ್ಡು ಹಾಕಲೇಬೇಕು ಅನ್ನುವವರಿಗೆ 2.5 ಗಿಗಾಬಿಟ್ ಹೇಳುತ್ತೇನೆ. 2016ರಲ್ಲಿ ಬಂದ ಮಾನದಂಡ. ಇರುವ ಕ್ಯಾಟ್ 5ಇ ಮೇಲೇ ಓಡುತ್ತದೆ, ಗೋಡೆ ಒಡೆಯಬೇಕಿಲ್ಲ. ಆದರೆ ಅದು ಸೆಕೆಂಡಿಗೆ 280 ಎಂಬಿ ಹೊರುತ್ತದೆ. ಒಂದೇ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಅಷ್ಟು ಕೊಡಲಾರದು. ಅದರಲ್ಲೂ ತುಂಬುತ್ತಾ ಒಳ ಸುತ್ತಿಗೆ ಹೋದ ಹಾಗೆಲ್ಲ ಡಿಸ್ಕಿನ ವೇಗ ಅರ್ಧಕ್ಕೆ ಇಳಿಯುತ್ತದೆ. ಮೊದಲು ಡಿಸ್ಕ್ ಅಳೆದು ಆಮೇಲೆ ಕೊಳ್ಳಿ.

ಎಲ್ಲ ಕಂಪ್ಯೂಟರಿಗೂ ರಾತ್ರಿ 12ಕ್ಕೆ ಅಂತ ಬ್ಯಾಕಪ್ ಇಟ್ಟವರು ಕೈ ಎತ್ತಿ ಅಂದೆ. ಅರ್ಧ ಸಭೆ ಎತ್ತಿತು. ಹತ್ತು ಕಂಪ್ಯೂಟರ್ ಒಟ್ಟಿಗೆ ಬಂದು ಬಿದ್ದರೆ ಪೆಟ್ಟಿಗೆಯ ಡಿಸ್ಕ್ ಹತ್ತು ಕಡೆ ಓಡಬೇಕು. ಒಬ್ಬರ ಹಿಂದೆ ಒಬ್ಬರು ಬಂದರೆ ಒಟ್ಟು ಹೊತ್ತೇ ಕಡಿಮೆ ಆಗುತ್ತದೆ. ಇದಕ್ಕೂ ಖರ್ಚಿಲ್ಲ.

ಆಫೀಸಿನ ಹೊರಗೆ ಒಂದು ಪ್ರತಿ ಇಡುವವರು ಲೆಕ್ಕ ಹಾಕಿಕೊಳ್ಳಿ. 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ ಸೆಕೆಂಡಿಗೆ 2.5 ಎಂಬಿ. 550 ಜಿಬಿಗೆ ಎರಡೂವರೆ ದಿನ, ಒಂದು ನಿಮಿಷವೂ ಬಿಡದೆ. ಮೊದಲ ಸಲ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲಿ ಇಳಿಸಿ ಬನ್ನಿ.

ಈಗ ಆ ಪಟ್ಟಿಯ ಕಥೆ. ಬ್ಯಾಕಪ್ 25 ನಿಮಿಷಕ್ಕೆ ಇಳಿದ ಮೇಲೆ ಒಂದು ರಾತ್ರಿ ಆ ನಕ್ಷೆ ಆಫೀಸಿನ ಮೇಡಂ ಫೋನ್ ಮಾಡಿದರು. "ಸರ್, ಯಾಕೋ ಬ್ಯಾಕಪ್ ಆಗ್ತಿಲ್ಲ ಅನ್ಸುತ್ತೆ. ಎಂಟೂವರೆಗೆಲ್ಲ ನಿಂತುಹೋಗುತ್ತೆ." ನಾನು ನಕ್ಕೆ. ಅದು ನಿಂತಿಲ್ಲ ಮೇಡಂ, ಮುಗಿದಿದೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಬಂದು ತೋರಿಸಿ ಅಂದರು. ಮರುದಿನ ಹೋಗಿ, ಯಾವ ಫೈಲ್ ಬೇಕೋ ಕೇಳಿ, ಪೆಟ್ಟಿಗೆಯಿಂದ ತೆಗೆದು ತೋರಿಸುತ್ತೇನೆ ಅಂತ ಕೂತೆ. ನಾಲ್ಕು ಫೈಲ್ ಕೇಳಿದರು. ನಾಲ್ಕೂ ಬಂದವು, ತೆರೆದುಕೊಂಡವು. ಐದನೆಯದಕ್ಕೆ ನಕ್ಷೆ ಬರೆಯುವ ಒಬ್ಬ ಹುಡುಗನನ್ನು ಕರೆದು, ನಿನ್ನದು ಒಂದು ಹೇಳಪ್ಪ ಅಂದರು. ಅವನು ಹೇಳಿದ ಫೋಲ್ಡರ್ ಪೆಟ್ಟಿಗೆಯಲ್ಲಿ ಇರಲೇ ಇಲ್ಲ.

ನನ್ನ ಪಟ್ಟಿಯಲ್ಲಿ ಟೆಂಪ್ ಅನ್ನುವ ಹೆಸರಿನ ಎಲ್ಲ ಫೋಲ್ಡರನ್ನೂ ಬಿಡು ಅಂತ ಇತ್ತು. ಈ ಹುಡುಗ ಸೇರಿದ ದಿನ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಟೆಂಪ್ ಅಂತ ಒಂದು ಫೋಲ್ಡರ್ ಮಾಡಿಕೊಂಡಿದ್ದ. ಅವನು ಸೇರಿ ಎರಡು ವರ್ಷ ಆಗಿತ್ತು. ಎರಡು ವರ್ಷದ ನಕ್ಷೆ ಎಲ್ಲ ಅದರಲ್ಲೇ ಇದ್ದವು. ಹೆಸರಿನ ಬದಲು ಪೂರ್ತಿ ವಿಳಾಸ ಕೊಟ್ಟು ಪಟ್ಟಿ ತಿದ್ದಿದೆ. ಆ ರಾತ್ರಿ ಬ್ಯಾಕಪ್ 31 ನಿಮಿಷ ತೆಗೆದುಕೊಂಡಿತು.